ಕೋಳಿಗೂಡಿನಲ್ಲಿ ರಾತ್ರಿ ಏನಾಗುತ್ತಿದೆ? ಗೋವಾದ ಹಿತ್ತಲಿಗೊಂದು ದೋಷ ನಿವಾರಣೆ ಕೈಪಿಡಿ

ಕತ್ತಲಾದರೂ ಕೋಳಿ ಗೂಡು ಹೊಗದೆ ಅಂಗಳದಲ್ಲೇ ಸುತ್ತುತ್ತಿದೆಯೇ? ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಮೂಗಿಗೆ ಘಾಟು ಬಡಿಯುತ್ತದೆಯೇ? ಮೊಟ್ಟೆ ಕಡಿಮೆಯಾಗಿ ಜುಟ್ಟು ಬಿಳಿಚಿಕೊಂಡಿದೆಯೇ? ಹಾಗಿದ್ದರೆ ಕಾಳು ಬದಲಿಸುವ ಮುಂಚೆ, ಔಷಧಿ ಅಂಗಡಿಗೆ ಓಡುವ ಮುಂಚೆ ಗೂಡನ್ನು ಅನುಮಾನಿಸಿ. ಗೋವಾದಲ್ಲಿ ನೆಲೆಸಿ, ಹಿತ್ತಲಲ್ಲಿ ನಾಲ್ಕರಿಂದ ಹತ್ತು ಜವಾರಿ ಕೋಳಿ ಸಾಕುತ್ತಿರುವ ನಮ್ಮ ಕಡೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ದೋಷಗಳಲ್ಲಿ ಹೆಚ್ಚಿನವು ನನ್ನ ಹಿತ್ತಲಲ್ಲೇ ಆದವು, ಒಂದೆರಡು ಪರಿಚಯದವರ ಮನೆಯವು.

ನಮ್ಮ ತೊಂದರೆಯ ಮೂಲ ಒಂದೇ ಕಡೆ ಇದೆ. ನಾವು ಊರಿನ ಗೂಡನ್ನು ತಲೆಯಲ್ಲಿಟ್ಟುಕೊಂಡು ಇಲ್ಲಿ ಗೂಡು ಕಟ್ಟುತ್ತೇವೆ. ಗದಗ, ಬಾಗಲಕೋಟೆ ಕಡೆಯ ಹಳೆ ಮನೆಗಳಲ್ಲಿ ಕಟ್ಟೆಯ ಹೊಟ್ಟೆಯಲ್ಲೇ ಕಲ್ಲಿನ ಗೂಡು, ಬಾಯಿಗೊಂದು ಚಪ್ಪಡಿ ಕಲ್ಲು. ಇಲ್ಲವೇ ಅಂಗಳದಲ್ಲಿ ಹೆಡಗಿ ಬೋರಲು ಹಾಕಿ ಮೇಲೊಂದು ಒರಳುಗಲ್ಲು. ಬಾಗಲಕೋಟೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಆ ಒಣ ಗಾಳಿಯಲ್ಲಿ ಮುಚ್ಚಿದ ಗೂಡೂ ಬೆಳಗಾಗುವುದರೊಳಗೆ ಒಣಗಿರುತ್ತದೆ. ಗೋವಾದಲ್ಲಿ ಮಳೆ ಸುಮಾರು 3000 ಮಿಲಿಮೀಟರ್, ಅದೂ ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಚಳಿಯೋ, ಇಲ್ಲವೆಂದೇ ಹೇಳಬೇಕು. ಜನವರಿಯಲ್ಲೂ ಕರಾವಳಿಯ ರಾತ್ರಿ 20 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಕೋಳಿಯ ಮೈ ಬಿಸಿ 41 ಡಿಗ್ರಿ, ಮೇಲೆ ಗರಿಯ ಹೊದಿಕೆ ಬೇರೆ. ಇಂಥ ಊರಲ್ಲಿ ಅದಕ್ಕೆ ಬೆಚ್ಚನೆಯ ಗೂಡು ಬೇಕಿಲ್ಲ. ಒಣಗಿದ, ಗಾಳಿಯಾಡುವ, ಬಾಯಿ ಹಾಕುವ ಪ್ರಾಣಿಗಳಿಂದ ಭದ್ರವಾದ ಗೂಡು ಬೇಕು.

ನೋಡಬೇಕಾದ್ದು ಹಗಲಲ್ಲಲ್ಲ

ಗೂಡಿನ ದೋಷ ಹಗಲಲ್ಲಿ ಅಡಗಿಕೊಳ್ಳುತ್ತದೆ. ಬಿಸಿಲಿಗೆ ಗೂಡಿನ ನೆಲಕ್ಕೆ ಹರಡಿದ ಹಾಸು ಒಣಗಿರುತ್ತದೆ, ಬಾಗಿಲು ತೆರೆದಿರುವುದರಿಂದ ವಾಸನೆ ಹೋಗಿರುತ್ತದೆ, ರಕ್ತ ಹೀರುವ ಹುಳಗಳು ಸಂದಿಯೊಳಗೆ ಸೇರಿರುತ್ತವೆ. ಅದಕ್ಕೇ ಒಂದೇ ದಿನದಲ್ಲಿ ಮೂರು ಸಲ ನೋಡಬೇಕು. ಸೂರ್ಯ ಮುಳುಗುವ ಹೊತ್ತಿಗೆ ಒಮ್ಮೆ: ಯಾವ ಕೋಳಿ ಮೊದಲು ಹೋಯಿತು, ಯಾವುದು ಹಿಂದೆ ಉಳಿಯಿತು, ಯಾವುದು ಎಲ್ಲಿ ಕೂತಿತು ಎಂದು ನೋಡಿ. ರಾತ್ರಿ ಹತ್ತರ ನಂತರ ಇನ್ನೊಮ್ಮೆ. ಆಗ ಟಾರ್ಚಿನ ಬಾಯಿಗೆ ತೆಳು ಬಟ್ಟೆ ಕಟ್ಟಿ ಬೆಳಕು ಮಂದ ಮಾಡಿಕೊಳ್ಳಿ, ಕೋಳಿಯ ಕಣ್ಣಿಗೆ ನೇರವಾಗಿ ಬಿಡಬೇಡಿ. ಮೂರನೆಯದು ಬೆಳಗಿನ ಜಾವ, ಬಾಗಿಲು ತೆಗೆಯುವ ಮುಂಚೆ. ಕಂಡದ್ದನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಎರಡು ಪದ ಗೀಚಿಡಿ. ಮೂರು ದಿನ ಹೀಗೆ ಮಾಡಿದರೆ ಅರ್ಧ ದೋಷ ತಾನಾಗಿಯೇ ಬಯಲಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಅದೇ ದೋಷ ಮರಳಿದಾಗ ಮತ್ತೆ ಮೊದಲಿನಿಂದ ಹುಡುಕಬೇಕು.

ಘಾಟು, ಸೀನು, ಕಣ್ಣಲ್ಲಿ ನೊರೆ

ಮಳೆಗಾಲದಲ್ಲಿ ಹೆಚ್ಚು ಕೋಳಿಗಳನ್ನು ಹಾಳು ಮಾಡುವ ದೋಷ ಇದು. ನಾನು ಇದನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಎರಡು ಹೇಂಟೆ ಕಳೆದುಕೊಂಡೆ.

ಫೋಂಡಾ ತಾಲ್ಲೂಕಿಗೆ ಬಂದ ಮೊದಲ ವರ್ಷ. ಜೂನ್ ಮೊದಲ ವಾರದ ಮಳೆ ನೋಡಿ ಫೋನಿನಲ್ಲಿ ಅವ್ವನಿಗೆ ಹೇಳಿದೆ. "ತಂಡಿಗೆ ಕೋಳಿ ಉಳಿಯಂಗಿಲ್ಲವ್ವಾ, ಸುತ್ತ ಮುಚ್ಚಿಬಿಡು" ಅಂದಳು. ನಾಲ್ಕೂ ಕಡೆ ತಾಡಪತ್ರಿ ಬಿಗಿದೆ. ಜುಲೈಯಲ್ಲಿ ಎರಡು ಹೇಂಟೆಗಳು ಸೀನಲು ಶುರು ಮಾಡಿದವು. ಕಣ್ಣಿನ ಮೂಲೆಯಲ್ಲಿ ನೊರೆ, ರೆಕ್ಕೆಗೆ ಕಣ್ಣು ಉಜ್ಜಿಕೊಳ್ಳುವುದು. ಚಳಿ ಹತ್ತಿದೆ ಎಂದುಕೊಂಡು ತಾಡಪತ್ರಿಯ ಸಂದಿಗೆ ಗೋಣಿಚೀಲ ತುರುಕಿ ಇನ್ನೂ ಬಿಗಿ ಮಾಡಿದೆ. ಎರಡೂ ಇನ್ನಷ್ಟು ಸೊರಗಿದವು. ಒಂದು ದಿನ ಬೆಳಗ್ಗೆ ಪಕ್ಕದ ಮನೆಯ ಗೋವೆಯ ಅಜ್ಜಿ ಬೇಲಿ ದಾಟಿ ಬಂದು, ಗೂಡಿನ ಬಾಗಿಲಿಗೆ ಬಗ್ಗಿ ಮುಖ ಹಿಂದಕ್ಕೆ ಎಳೆದುಕೊಂಡು, "ಬಾಯ್, ಹಾಂಗಾ ವಾರೆಂ ನಾ" ಅಂದರು. ಇಲ್ಲಿ ಗಾಳಿಯೇ ಇಲ್ಲ ಎಂದು. ನಾನು ಯಾವುದನ್ನು ಮದ್ದು ಎಂದುಕೊಂಡಿದ್ದೆನೋ ಅದೇ ರೋಗವಾಗಿತ್ತು. ಅವತ್ತೇ ತಾಡಪತ್ರಿ ಬಿಚ್ಚಿದೆ, ಆದರೆ ಆ ಎರಡಕ್ಕೆ ಹೊತ್ತು ಮೀರಿತ್ತು. ಉಳಿದ ನಾಲ್ಕು ಒಂದು ವಾರದಲ್ಲಿ ಸುಧಾರಿಸಿದವು.

ಒಳಗೆ ನಡೆಯುವುದು ಇಷ್ಟು. ಆರು ಕೋಳಿ ಒಂದು ರಾತ್ರಿಗೆ ಸುಮಾರು ಕಾಲು ಕೆಜಿ ಹಿಕ್ಕೆ ಹಾಕುತ್ತವೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಉಸಿರಿನ ತೇವ ಬೇರೆ. ಹಿಕ್ಕೆಯ ಮೇಲಿನ ಬಿಳಿ ಭಾಗ ಯೂರಿಕ್ ಆಮ್ಲ. ತೇವ ಮತ್ತು ಬೆಚ್ಚನೆ ಸಿಕ್ಕರೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಗಾಳಿಯಲ್ಲಿ ಅಮೋನಿಯಾ ಹತ್ತು ಲಕ್ಷಕ್ಕೆ 25 ಭಾಗ ದಾಟಿತೆಂದರೆ ಕೋಳಿಯ ಕಣ್ಣಿಗೂ ಶ್ವಾಸನಾಳಕ್ಕೂ ಪೆಟ್ಟು. ಶ್ವಾಸನಾಳದ ಒಳಪದರ ಒಮ್ಮೆ ಕೆಟ್ಟರೆ ಬೇರೆ ಸೋಂಕುಗಳಿಗೆ ದಾರಿ ಸಲೀಸು.

ಇದನ್ನು ಅಳೆಯಲು ಯಂತ್ರ ಬೇಡ. ಬೆಳಗಿನ ಜಾವ ಬಾಗಿಲು ತೆಗೆಯುತ್ತಲೇ ಕುಕ್ಕರಗಾಲಲ್ಲಿ ಕೂತು, ಕೋಳಿಯ ತಲೆ ಇರುವ ಎತ್ತರಕ್ಕೆ ಮುಖ ತಂದು ಒಂದು ಉಸಿರು ಎಳೆದುಕೊಳ್ಳಿ. ಮೊದಲ ಉಸಿರೇ ಸತ್ಯ ಹೇಳುವುದು, ಮೂರನೆಯದರ ಹೊತ್ತಿಗೆ ಮೂಗು ಒಗ್ಗಿಕೊಂಡಿರುತ್ತದೆ. ಕಣ್ಣು ಉರಿದರೆ ದೋಷ ಖಚಿತ. ಆಮೇಲೆ ಮಾಡಿನ ತಗಡಿನ ಒಳಮೈ ಮುಟ್ಟಿ. ಅಂಗೈ ಒದ್ದೆಯಾದರೆ ತೇವ ಹೊರಗೆ ಹೋಗುತ್ತಿಲ್ಲ. ಹಾಸನ್ನು ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ ಮುಷ್ಟಿ ಬಿಡಿಸಿ. ಉಂಡೆ ಹಾಗೇ ನಿಂತರೆ ತೇವ ಹೆಚ್ಚು, ಮೆಲ್ಲಗೆ ಬಿರಿದು ಉದುರಿದರೆ ಸರಿ, ಧೂಳೆದ್ದರೆ ತೀರಾ ಒಣ.

ಗಾಳಿಯ ದಾರಿ ನೋಡಲು ಊದಿನಕಡ್ಡಿಯಷ್ಟು ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಸಂಜೆ ಕೋಳಿ ಒಳಹೋಗುವ ಮುಂಚೆ ಬಾಗಿಲು ಮುಚ್ಚಿ, ಕೋಳಿ ರಾತ್ರಿ ಕೂರುವ ಅಡ್ಡಗೋಲಿನ ಎತ್ತರಕ್ಕೆ ಕಡ್ಡಿ ಹಿಡಿಯಿರಿ. ಹೊಗೆ ನೆಟ್ಟಗೆ ಏರಿ ಮಾಡಿನ ಹತ್ತಿರ ಹೊರಗೆ ಜಾರಿದರೆ ಗೂಡು ಚೆನ್ನಾಗಿದೆ. ಅಲ್ಲೇ ಸುತ್ತಿ ನಿಂತರೆ ಮೇಲೆ ಕಿಂಡಿ ಸಾಲದು. ಅಡ್ಡಗೋಲಿನ ಮಟ್ಟದಲ್ಲೇ ಅಡ್ಡಕ್ಕೆ ಹಾರಿ ಹೋದರೆ ಕೋಳಿಯ ಮೈಮೇಲೇ ಗಾಳಿ ಬೀಸುತ್ತಿದೆ. ಗಾಳಿ ಆಡಬೇಕು, ಆದರೆ ಮಲಗಿದ ಕೋಳಿಯ ಮೇಲೆ ಇರಚಲು ಹೊತ್ತು ಬೀಸಬಾರದು. ಗರಿ ನೆನೆದ ಕೋಳಿ 24 ಡಿಗ್ರಿಯಲ್ಲೂ ನಡುಗುತ್ತದೆ.

ಸರಿಪಡಿಸುವ ರೀತಿ: ಗೋವಾದಲ್ಲಿ ಮಳೆಗಾಳಿ ಬರುವುದು ಪಶ್ಚಿಮ, ನೈರುತ್ಯದಿಂದ. ಆ ಕಡೆಯ ಗೋಡೆ ಮಾತ್ರ ಗಟ್ಟಿಯಾಗಿರಲಿ, ಚಿರೆಕಲ್ಲೋ ಹಲಗೆಯೋ ಆಗಬಹುದು. ಉಳಿದ ಮೂರರಲ್ಲಿ ಕಡಿಮೆಯೆಂದರೂ ಎರಡು ಕಡೆ ಒಂದಡಿ ಎತ್ತರದಿಂದ ಮಾಡಿನವರೆಗೆ ಜಾಲರಿ ಇರಲಿ. ಮಾಡು ಗೋಡೆಯಿಂದ ಎರಡೂವರೆ, ಮೂರಡಿ ಹೊರಚಾಚಿದರೆ ಇರಚಲು ಒಳಬರುವುದಿಲ್ಲ. ಈ ಚಾಚಿಗೆ ಖರ್ಚು ಮಾಡಿ, ತಾಡಪತ್ರಿಗಲ್ಲ. ತಾಡಪತ್ರಿ ಬೇಕೇಬೇಕೆಂದರೆ ಮೇಲೆ ಒಂದಡಿ ಖಾಲಿ ಬಿಟ್ಟು, ಗಾಳಿಮಳೆ ಜೋರಿದ್ದ ರಾತ್ರಿ ಮಾತ್ರ ಇಳಿಬಿಟ್ಟು ಬೆಳಗ್ಗೆ ಎತ್ತಿಕಟ್ಟಿ.

ಹಾಸಿಗೆ ಭತ್ತದ ಹೊಟ್ಟು ಒಳ್ಳೆಯದು, ಇಲ್ಲಿನ ಅಕ್ಕಿ ಗಿರಣಿಗಳಲ್ಲಿ ಸಿಗುತ್ತದೆ. ಎರಡು ಮೂರು ಇಂಚು ಹಾಕಿ, ದಿನ ಬಿಟ್ಟು ದಿನ ಕೆದಕಿ, ಅಡ್ಡಗೋಲಿನ ಕೆಳಗಿನದನ್ನು ನಿತ್ಯ ತೆಗೆಯಿರಿ. ಘಾಟು ಬಂದಾಗ ಒದ್ದೆ ಹಾಸಿನ ಮೇಲೆ ಸುಣ್ಣದ ಪುಡಿ ಎರಚುವ ರೂಢಿ ನಮ್ಮಲ್ಲಿ ಬಹಳ ಇದೆ. ಇದನ್ನು ದಯವಿಟ್ಟು ನಿಲ್ಲಿಸಿ. ಸುಣ್ಣದ ಕ್ಷಾರ ಒದ್ದೆ ಹಿಕ್ಕೆಯಲ್ಲಿ ಕೂತಿದ್ದ ಅಮೋನಿಯಾವನ್ನು ಒಮ್ಮೆಲೇ ಗಾಳಿಗೆ ಬಿಡುತ್ತದೆ. ಅವತ್ತಿನ ರಾತ್ರಿ ಕೋಳಿಗೆ ಹಿಂದಿನ ರಾತ್ರಿಗಿಂತ ಕಷ್ಟ. ಮೊದಲು ಒದ್ದೆ ಹಾಸು ಪೂರ್ತಿ ತೆಗೆದು, ಬರಿ ನೆಲಕ್ಕೆ ಸುಣ್ಣ ಬಳಿದು, ಒಣಗಿಸಿ, ಆಮೇಲೆ ಹೊಸ ಹೊಟ್ಟು ಹರಡಿ. ಜುಲೈಯಲ್ಲಿ ಯಾವ ಹಾಸೂ ಒಣಗಿ ನಿಲ್ಲುವುದಿಲ್ಲ ಎನ್ನುವವರು ನೆಲದಿಂದ ಎರಡೂವರೆ ಅಡಿ ಎತ್ತರಿಸಿ, ಪಟ್ಟಿಗಳ ನಡುವೆ ಬೆರಳಗಲ ಸಂದಿ ಬಿಟ್ಟ ಹಲಗೆ ನೆಲ ಮಾಡಿಕೊಳ್ಳಿ. ಹಿಕ್ಕೆ ಕೆಳಗೆ ಬೀಳುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ. ನಾನು ಕೊನೆಗೆ ಇದಕ್ಕೇ ಬಂದು ನಿಂತೆ. ನಾಲ್ಕಡಿ ಉದ್ದ, ಮೂರಡಿ ಅಗಲ, ಆರು ಕೋಳಿ. ಹಗಲೆಲ್ಲ ಹೊರಗೆ ಮೇಯುವ ಜವಾರಿ ಕೋಳಿಗೆ ರಾತ್ರಿ ತಲೆಗೆ ಎರಡು ಚದರಡಿ ಸಾಕು.

ಗಾಳಿ ಸರಿ ಮಾಡಿದ ಮೇಲೆ ಮೂರು ನಾಲ್ಕು ರಾತ್ರಿಯಲ್ಲಿ ನೊರೆ, ಸೀನು ತಗ್ಗಬೇಕು. ತಗ್ಗದಿದ್ದರೆ, ಮುಖ ಊದಿಕೊಂಡು ಮೂಗಿನಿಂದ ಕೆಟ್ಟ ವಾಸನೆಯ ಸಿಂಬಳ ಇಳಿದರೆ ಅದು ಸೋಂಕು, ಪಶುವೈದ್ಯರಿಗೆ ತೋರಿಸಿ.

ಗೂಡಿಗೆ ಹೋಗಲು ಒಲ್ಲೆ ಎಂದರೆ

ಇದರಲ್ಲಿ ಎರಡು ಬಗೆ. ಹೊಸ ಗೂಡಿಗೆ ಹೋಗದ ಕೋಳಿಗೆ ಅದು ಮನೆಯೆಂದು ಇನ್ನೂ ಗೊತ್ತಿಲ್ಲ. ನಾಲ್ಕೈದು ದಿನ ಒಳಗೇ ಇಟ್ಟು, ಕಾಳು ನೀರು ಅಲ್ಲೇ ಕೊಟ್ಟರೆ ಕಲಿಯುತ್ತದೆ. ಹಲಸಿನ ಮರ ಹತ್ತಿ ಕೂರುವ ಜವಾರಿಗಳನ್ನು ಹಗಲಲ್ಲಿ ಅಟ್ಟಿಸಿಕೊಂಡು ಓಡಬೇಡಿ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣುವುದು ಬಹಳ ಕಡಿಮೆ, ಆಗ ಎತ್ತಿದರೆ ಸದ್ದಿಲ್ಲದೆ ಬರುತ್ತದೆ. ಅಡ್ಡಗೋಲಿನ ಮೇಲೆ ಕೂರಿಸಿ ಬನ್ನಿ. ಒಂದು ವಾರ ಇದನ್ನು ಮಾಡುವ ತಾಳ್ಮೆ ಬೇಕು.

ಎರಡನೆಯ ಬಗೆ ಹೆಚ್ಚು ಮುಖ್ಯ. ತಿಂಗಳುಗಟ್ಟಲೆ ನೆಟ್ಟಗೆ ಹೋಗುತ್ತಿದ್ದ ಕೋಳಿ ಇದ್ದಕ್ಕಿದ್ದಂತೆ ಬಾಗಿಲಲ್ಲಿ ನಿಂತು ಹಿಂದಕ್ಕೆ ಬರುತ್ತಿದ್ದರೆ ಅದು ಏನೋ ಹೇಳುತ್ತಿದೆ. ಒಳಗೆ ಹಾವು ಅಥವಾ ಹೆಗ್ಗಣ ಬಂದು ಹೋಗಿರಬಹುದು, ರಕ್ತ ಹೀರುವ ನುಸಿ ಹತ್ತಿರಬಹುದು. ಗೂಡಿನ ಒಳಗು ಅಂಗಳಕ್ಕಿಂತ ಬಹಳ ಬೇಗ ಕತ್ತಲಾಗುವುದೂ ಒಂದು ಕಾರಣ. ಆ ಕತ್ತಲಿಗೆ ಕೋಳಿ ಕಾಲಿಡುವುದಿಲ್ಲ, ಹೊರಗೆ ಬೆಳಕಿರುವಲ್ಲೇ ಉಳಿಯುತ್ತದೆ. ಸಂಜೆಯ ಕೊನೆಯ ಬೆಳಕು ಬೀಳಲೆಂದು ಪಶ್ಚಿಮಕ್ಕೆ ಕಿಂಡಿ ಬಿಡಬಹುದಿತ್ತು, ಆದರೆ ಇಲ್ಲಿ ಮಳೆಯೂ ಅಲ್ಲಿಂದಲೇ. ಅದಕ್ಕೆ ಒಳಗೊಂದು ಸಣ್ಣ ದೀಪ ಅರ್ಧ ಗಂಟೆ ಉರಿಸಿ, ಎಲ್ಲ ಕೋಳಿ ಅಡ್ಡಗೋಲು ಹತ್ತಿದವೆಂದು ನೋಡಿಯೇ ಆರಿಸಿ. ನಡುವೆ ಆರಿಸಿದರೆ ನೆಲದಲ್ಲಿದ್ದವು ನೆಲದಲ್ಲೇ ಉಳಿಯುತ್ತವೆ.

ಕತ್ತಲಲ್ಲಿ ರಕ್ತ ಹೀರುವವು

ನನ್ನ ಎರಡನೇ ವರ್ಷದ ಏಪ್ರಿಲ್‌ನಲ್ಲಿ ಆರರಲ್ಲಿ ನಾಲ್ಕು ಹೇಂಟೆ ಮೊಟ್ಟೆ ನಿಲ್ಲಿಸಿದವು. ಜುಟ್ಟು ಮಾಸಲು ಗುಲಾಬಿ. ಸಂಜೆ ಬಾಗಿಲಲ್ಲಿ ತಕರಾರು, ರಾತ್ರಿ ಅಡ್ಡಗೋಲಿನ ಮೇಲೆ ಕಾಲು ಬದಲಿಸುತ್ತ ಮೈ ಕುಟುಕಿಕೊಳ್ಳುವುದು. ಹಗಲಲ್ಲಿ ಪುಕ್ಕ ಬಿಡಿಸಿ ನೋಡಿದರೆ ಮೈಮೇಲೆ ಒಂದು ಹೇನೂ ಇಲ್ಲ. ಬೇಸಿಗೆಯ ಕಾವು ಎಂದು ಮೂರು ವಾರ ಕಳೆದೆ. ಒಂದು ರಾತ್ರಿ ಹನ್ನೊಂದಕ್ಕೆ ಬಿಳಿ ಬಟ್ಟೆಯಲ್ಲಿ ಬಿದಿರಿನ ಅಡ್ಡಗೋಲಿನ ಅಡಿಭಾಗ ಒರೆಸಿದೆ. ಬಟ್ಟೆಯ ಮೇಲೆ ಕುಂಕುಮ ತೀಡಿದ ಹಾಗೆ ಕೆಂಪು ಗೆರೆಗಳು ಮೂಡಿದವು.

ಅವು ಕೆಂಪು ನುಸಿ. ಒಂದು ಮಿಲಿಮೀಟರ್‌ಗಿಂತ ಚಿಕ್ಕವು, ಹಸಿದಾಗ ಬೂದು, ರಕ್ತ ಕುಡಿದಾಗ ಕೆಂಪು. ಹಗಲೆಲ್ಲ ಮರದ ಸಂದಿಯಲ್ಲಿ, ಮೊಳೆಯ ತೂತಿನಲ್ಲಿ, ಬಿದಿರಿನ ಪೊಳ್ಳಿನಲ್ಲಿ ಇದ್ದು, ಕತ್ತಲಾದ ಮೇಲೆ ಕೋಳಿಗೆ ಏರಿ, ರಕ್ತ ಹೀರಿ ಮತ್ತೆ ಇಳಿದು ಹೋಗುತ್ತವೆ. ಅದಕ್ಕೇ ಹಗಲಲ್ಲಿ ಕೋಳಿಯ ಮೈ ಹುಡುಕಿದರೆ ಕಾಣುವುದಿಲ್ಲ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಮೊಟ್ಟೆಯಿಡುವ ನುಸಿಯವರೆಗೆ ಏಳರಿಂದ ಹತ್ತು ದಿನ ಸಾಕು. ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕುವ ಹುಳವಿದು. ಹೀಗಾಗಿ ಗೂಡನ್ನು ಎರಡು ವಾರ ಖಾಲಿ ಬಿಟ್ಟರೆ ಸಾಯುತ್ತವೆ ಎಂಬ ನಂಬಿಕೆಗೆ ಆಧಾರವಿಲ್ಲ.

ಹಗಲಲ್ಲೇ ಮೈಮೇಲೆ, ಅದರಲ್ಲೂ ಬಾಲದ ಕೆಳಗೆ ಪುಕ್ಕದ ಬುಡದಲ್ಲಿ ಓಡಾಡುವ ಹಳದಿ ಹುಳ ಕಂಡರೆ ಅದು ಹೇನು, ಅದರ ಚಿಕಿತ್ಸೆ ಕೋಳಿಗೆ. ಕೋಳಿ ಉಣ್ಣಿಯೂ ಕೆಂಪು ನುಸಿಯ ಹಾಗೆ ಸಂದಿಯಲ್ಲಿದ್ದು ರಾತ್ರಿ ಬರುತ್ತದೆ, ಆದರೆ ದೊಡ್ಡದು, ಚಪ್ಪಟೆ, ಬರಿಗಣ್ಣಿಗೆ ಸಲೀಸಾಗಿ ಕಾಣುತ್ತದೆ. ಉಣ್ಣಿಯ ಮರಿಗಳು ಮಾತ್ರ ರೆಕ್ಕೆಯ ಅಡಿ ಹಲವು ದಿನ ಕಚ್ಚಿಕೊಂಡಿರುತ್ತವೆ. ನುಸಿಗೂ ಉಣ್ಣಿಗೂ ಚಿಕಿತ್ಸೆ ಮೊದಲು ಗೂಡಿಗೆ.

ನಾನು ಮಾಡಿದ್ದು ಹೀಗೆ:

1. ಬಿಸಿಲಿರುವ ದಿನ ನೋಡಿ, ಅಡ್ಡಗೋಲು, ಮೊಟ್ಟೆ ಪೆಟ್ಟಿಗೆ ಎಲ್ಲ ಕಳಚಿ ಹೊರಗೆ ತಂದೆ. ಹಳೆ ಹೊಟ್ಟು ಪೂರ್ತಿ ಸುಟ್ಟೆ, ಗೊಬ್ಬರದ ಗುಂಡಿಗೆ ಹಾಕಲಿಲ್ಲ.

2. ಕುದಿಯುವ ನೀರಿಗೆ ಸೋಪಿನ ಪುಡಿ ಬೆರೆಸಿ ಪ್ರತಿ ಸಂದಿಗೂ ಹೊಯ್ದು, ಗಟ್ಟಿ ಬ್ರಷ್‌ನಿಂದ ತಿಕ್ಕಿ, ದಿನವಿಡೀ ಬಿಸಿಲಿಗೆ ಒಣಗಿಸಿದೆ.

3. ಬಿದಿರು ತೆಗೆದುಹಾಕಿದೆ. ಅದರ ಪೊಳ್ಳಿನೊಳಗೆ ಬಿಸಿನೀರೂ ಬ್ರಷ್ಷೂ ತಲುಪುವುದಿಲ್ಲ. ಎರಡಿಂಚು ಅಗಲದ, ಅಂಚು ಉಜ್ಜಿ ದುಂಡು ಮಾಡಿದ ಮರದ ಪಟ್ಟಿ ಹಾಕಿಸಿದೆ. ಗೋಡೆಗೆ ಮೊಳೆ ಹೊಡೆಯದೆ, ಎರಡು ತುದಿಗೂ ಕೊಕ್ಕೆಯಂಥ ಆಸರೆ ಮಾಡಿ ಎತ್ತಿ ತೆಗೆಯುವ ಹಾಗೆ ಇಟ್ಟೆ.

4. ಗೋಡೆ, ಹಲಗೆಯ ಬಿರುಕುಗಳನ್ನು ತುಂಬಿ ಸುಣ್ಣ ಬಳಿದೆ. ಕೀಟನಾಶಕವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಖಾಲಿ ಗೂಡಿಗೆ ಸಿಂಪಡಿಸಿ, ಒಣಗಿದ ಮೇಲಷ್ಟೇ ಕೋಳಿ ಬಿಟ್ಟೆ. ಮೊಟ್ಟೆ ಎಷ್ಟು ದಿನ ತಿನ್ನಬಾರದೆಂದು ಅವರನ್ನೇ ಕೇಳಿಕೊಂಡೆ.

5. ಏಳನೇ ದಿನ ಇಡೀ ಕೆಲಸ ಮತ್ತೊಮ್ಮೆ. ಮೊದಲ ಸಲ ಮೊಟ್ಟೆಯಲ್ಲಿದ್ದವು ಅಷ್ಟರಲ್ಲಿ ಒಡೆದು ಬಂದಿರುತ್ತವೆ. ಹದಿನಾಲ್ಕನೇ ದಿನ ಮೂರನೇ ಸಲ.

ಇದರಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಐದನೆಯ ಹೆಜ್ಜೆಯನ್ನು. ಮೊದಲ ಸಲ ತೊಳೆದಾಗಲೇ ಕೋಳಿಗಳು ನೆಮ್ಮದಿಯಾಗಿ ಮಲಗುವುದರಿಂದ ಮುಗಿಯಿತೆನ್ನಿಸುತ್ತದೆ. ಮುಗಿದಿರುವುದಿಲ್ಲ. ಕೋಳಿಗೆ ಮಣ್ಣಾಟಕ್ಕೆ ಒಣ ಮಣ್ಣಿಗೆ ಒಲೆಯ ಬೂದಿ ಬೆರೆಸಿದ ಗುಂಡಿ ಮಾಡಿಕೊಡಿ, ಮೇಲೆ ಮಳೆ ಬೀಳದ ಹಾಗೆ ಒಂದು ಮರೆ ಇರಲಿ.

ಬೆಳಗ್ಗೆ ಎಣಿಕೆ ಕಡಿಮೆ ಬಂದರೆ

ಯಾರು ಬಂದರೆಂದು ತಿಳಿಯದೆ ಜಾಲರಿ ಬದಲಿಸಿದರೆ ಹಣ ದಂಡ. ಮೊದಲು ಗುರುತು ಓದಿ. ಹಲವು ಕೋಳಿಗಳನ್ನು ಕೊಂದು ತಿನ್ನದೆ ಬಿಟ್ಟು ಹೋಗಿದ್ದರೆ ಸಾಮಾನ್ಯವಾಗಿ ಬೀದಿನಾಯಿ. ಒಂದು ಕೋಳಿ ಇಡಿಯಾಗಿ ಮಾಯವಾಗಿ ನಾಲ್ಕು ಗರಿ ಬೇಲಿಯ ಬಳಿ ಬಿದ್ದಿದ್ದರೆ ನರಿ. ಕುತ್ತಿಗೆ ಕಚ್ಚಿ ಕೊಂದು ಅಲ್ಲೇ ತಿಂದಿದ್ದರೆ ಪುನುಗು ಬೆಕ್ಕು ಅಥವಾ ಕಾಡುಬೆಕ್ಕು. ಮೈ ಒಳಗೇ ಇದ್ದು ತಲೆ ಮಾತ್ರ ಇಲ್ಲದಿದ್ದರೆ ಯಾವುದೋ ಪ್ರಾಣಿ ಜಾಲರಿಯ ದೊಡ್ಡ ಕಣ್ಣಿನ ಮೂಲಕ ಹೊರಗಿನಿಂದಲೇ ಎಳೆದಿದೆ. ಮರಿಗಳು ದಿನಕ್ಕೊಂದರಂತೆ ಕಾಣೆಯಾಗುತ್ತಿದ್ದರೆ ಹೆಗ್ಗಣ ಅಥವಾ ಹಾವು. ಮೊಟ್ಟೆ ಚಿಪ್ಪೂ ಉಳಿಯದೆ ಹೋದರೆ ಮೊದಲ ಅನುಮಾನ ಹಾವಿನ ಮೇಲೆ. ಮುಂಗುಸಿ ಹಗಲಿನ ಪ್ರಾಣಿ, ನಡುರಾತ್ರಿಯ ನಷ್ಟವನ್ನು ಅದರ ತಲೆಗೆ ಕಟ್ಟಬೇಡಿ. ನಸುಕಿನಲ್ಲೇ ಬಾಗಿಲು ತೆರೆದು ಮತ್ತೆ ಮಲಗುವವರ ಮನೆಯಲ್ಲಿ ಮಾತ್ರ ಅದು ಕೈವಾಡ ತೋರಿಸುತ್ತದೆ.

ಉಸಗಾಂವ್‌ನಲ್ಲಿರುವ ನಮ್ಮ ಪರಿಚಯದ ಹಾವೇರಿ ಕಡೆಯ ಕಾಕಾ ಒಬ್ಬರು ಹತ್ತು ದಿನದಲ್ಲಿ ಮೂರು ಕೋಳಿ ಕಳೆದುಕೊಂಡರು. ಬಾಗಿಲಿಗೆ ಬೀಗ, ಸುತ್ತ ಜಾಲರಿ, ನೆಲ ಸಿಮೆಂಟು. "ಎಲ್ಲಾ ಬಂದೋಬಸ್ತ್ ಐತಿ ತಂಗೀ, ಎಲ್ಲಿಂದ ಬರತೈತೋ ತಿಳಿವಲ್ದು" ಎಂದು ಬೇಜಾರು ಮಾಡಿಕೊಂಡರು. ಆ ರಾತ್ರಿ ಗೂಡಿನ ಸುತ್ತ, ಮಾಡಿನ ಅಂಚಿನ ಹಲಗೆಯ ಮೇಲೂ ರಂಗೋಲಿ ಹಿಟ್ಟು ತೆಳುವಾಗಿ ಉದುರಿಸಿದೆವು. ಬೆಳಗ್ಗೆ ನೆಲದ ಹಿಟ್ಟು ಹಾಗೇ ಇತ್ತು. ಹಲಗೆಯ ಮೇಲೆ ಪುಟ್ಟ ಐದು ಬೆರಳಿನ ಹೆಜ್ಜೆ. ಪುನುಗು ಬೆಕ್ಕು ಗೇರು ಮರದ ಕೊಂಬೆಯಿಂದ ಮಾಡಿಗಿಳಿದು, ಸರಿದಿದ್ದ ಒಂದು ಹೆಂಚಿನ ಸಂದಿಯಿಂದ ಒಳಹೋಗುತ್ತಿತ್ತು. ಕೊಂಬೆ ಕತ್ತರಿಸಿ, ಹೆಂಚಿನ ಕೆಳಗೆ ಜಾಲರಿ ಬಡಿದ ಮೇಲೆ ನಷ್ಟ ನಿಂತಿತು. ಮಳೆಯಿಲ್ಲದ ರಾತ್ರಿ ಈ ಹಿಟ್ಟಿನ ಪರೀಕ್ಷೆ ತಪ್ಪದೆ ಮಾಡಿ, ಬೂದಿಯಾದರೂ ನಡೆಯುತ್ತದೆ.

ಅಂಗಡಿಯಲ್ಲಿ ಕೋಳಿ ಜಾಲಿ ಎಂದು ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿ ಹಾಕಿಸಿ, ಮರಿ ಇದ್ದರೆ ಕಾಲು ಇಂಚಿನದು. ನೆಲದಲ್ಲಿ ಅದೇ ಜಾಲರಿಯನ್ನು ಹೊರಕ್ಕೆ ಒಂದಡಿ ಮಡಚಿ ಮಣ್ಣು ಮುಚ್ಚಿದರೆ ಅಗೆಯುವ ಪ್ರಾಣಿ ಜಾಲರಿಯ ಮೇಲೇ ನಿಂತು ಅಗೆಯುತ್ತದೆ, ಒಳಗೆ ಬರಲಾಗುವುದಿಲ್ಲ. ವಾಸ್ಕೊ ಕಡೆಯಂತೆ ಸಮುದ್ರದ ಹತ್ತಿರ ಇರುವವರು ಪ್ರತಿ ವರ್ಷ ಮೇ ತಿಂಗಳಲ್ಲಿ ಇಕ್ಕಳದಿಂದ ಜಾಲರಿಯ ಕೆಳಸಾಲನ್ನು ಎಳೆದು ನೋಡಬೇಕು. ಉಪ್ಪುಗಾಳಿಗೆ ಬುಡದ ತಂತಿ ಮೊದಲು ತುಕ್ಕು ಹಿಡಿಯುತ್ತದೆ, ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ಸತ್ತರಿ, ಸಾಂಗೆ ಕಡೆ ಕಾಡಿನಂಚಿನಲ್ಲಿರುವವರಿಗೆ ಚಿರತೆಯ ಭಯವೂ ಇದೆ. ಅಲ್ಲಿ ಮನೆಗೆ ತಗುಲಿದ ಕಲ್ಲಿನ ಗೂಡಲ್ಲದೆ ಬೇರೆ ದಾರಿ ನನಗೆ ತೋಚುವುದಿಲ್ಲ.

ಗೂಡಿನೊಳಗೆ ಹೆಬ್ಬಾವು ಕೋಳಿ ನುಂಗಿ, ಹೊಟ್ಟೆ ದಪ್ಪವಾಗಿ ಬಂದ ಸಂದಿಯಲ್ಲಿ ಹೊರಹೋಗಲಾಗದೆ ಬಿದ್ದಿರುವುದು ಉಂಟು. ಹೊಡೆಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹೆಬ್ಬಾವು, ಪುನುಗು ಬೆಕ್ಕು, ನರಿ, ಮುಂಗುಸಿಗಳಿಗೆ ರಕ್ಷಣೆ ಇದೆ, ಬೋನಿಟ್ಟು ಹಿಡಿಯುವುದೂ ಅಪರಾಧ. ಅರಣ್ಯ ಇಲಾಖೆಗೆ ಫೋನು ಮಾಡಿ. ಅವರು ಹಾವನ್ನು ಒಯ್ದ ಮೇಲೆ ಅದು ಬಂದ ಸಂದಿಯನ್ನು ಅವತ್ತೇ ಮುಚ್ಚಿ.

ಸೆಕೆಯ ರಾತ್ರಿ

ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಹತ್ತಾದರೂ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತ, ರೆಕ್ಕೆ ಮೈಯಿಂದ ದೂರ ಹಿಡಿದು ಕೂತಿದ್ದರೆ ಮಾಡಿನ ತಗಡು ಇನ್ನೂ ಕಾದಿದೆ. ಕೋಳಿಗೆ ಬೆವರಿನ ಗ್ರಂಥಿ ಇಲ್ಲ, ಏದುಸಿರೇ ಅದರ ತಂಪು. ತಗಡಿನ ಮೇಲೆ ತೆಂಗಿನ ಹೆಣೆದ ಗರಿ ಹೊದಿಸಿ, ಇಲ್ಲವೇ ಸುಣ್ಣ ಬಳಿಯಿರಿ. ರಾತ್ರಿಯೂ ನೀರು ಒಳಗಿರಲಿ. ಮಳೆ ಬಿದ್ದ ದಿನ ಗರಿ ತೆಗೆಯುವುದನ್ನು ಮರೆತರೆ ಅದೇ ಗೊರಲೆ, ಚೇಳುಗಳ ಮನೆಯಾಗುತ್ತದೆ.

ಮೊಟ್ಟೆ ಪೆಟ್ಟಿಗೆಯಲ್ಲಿ ಅಥವಾ ನೆಲದಲ್ಲಿ ಮಲಗಿದರೆ

ಕೋಳಿ ಇದ್ದುದರಲ್ಲಿ ಎತ್ತರದ ಜಾಗ ಹುಡುಕುತ್ತದೆ. ಮೊಟ್ಟೆ ಪೆಟ್ಟಿಗೆ ಅಡ್ಡಗೋಲಿಗಿಂತ ಮೇಲಿದ್ದರೆ ಅಲ್ಲೇ ಮಲಗಿ ಮೊಟ್ಟೆ ಹೊಲಸು ಮಾಡುತ್ತದೆ. ಪೆಟ್ಟಿಗೆ ಕೆಳಗಿಳಿಸಿ, ಸಂಜೆ ಅದರ ಬಾಯಿಗೆ ಹಲಗೆ ಅಡ್ಡ ಇಡಿ. ಅಡ್ಡಗೋಲಿನಲ್ಲಿ ತಲೆಗೆ ಒಂಬತ್ತು ಹತ್ತು ಇಂಚು ಜಾಗ ಬೇಕು, ಗೋಡೆಯಿಂದ ಕೋಲಿಗೂ ಅಷ್ಟೇ ದೂರ ಇರಲಿ. ಎಲ್ಲ ಕೋಲುಗಳೂ ಒಂದೇ ಎತ್ತರದಲ್ಲಿದ್ದರೆ ಮೇಲಿನ ಜಾಗಕ್ಕೆ ಜಗಳವಿಲ್ಲ. ಜವಾರಿ ಕೋಳಿ ನಾಲ್ಕಡಿ ಎತ್ತರದ ಕೋಲಿಗೂ ಹಾರುತ್ತದೆ. ಬೆಂಗಳೂರಿನ ಹೆಬ್ಬಾಳದಿಂದ ಬಂದ ಗಿರಿರಾಜದಂಥ ಭಾರದ ತಳಿಗೆ ಒಂದೂವರೆ ಅಡಿಯೇ ಸರಿ. ಹೆಚ್ಚು ಎತ್ತರದಿಂದ ಧುಮುಕಿ ಧುಮುಕಿ ಅಂಗಾಲಲ್ಲಿ ಗಂಟುಹುಣ್ಣಾಗುತ್ತದೆ. ಇಷ್ಟೆಲ್ಲ ಸರಿಯಿದ್ದೂ ನೆಲದಲ್ಲೇ ಮಲಗಿದರೆ ನುಸಿಯ ಬಟ್ಟೆ ಪರೀಕ್ಷೆಗೆ ಹಿಂತಿರುಗಿ.

ಗೂಡಿನದಲ್ಲದ ದೋಷ

ಜುಟ್ಟಿನ ಮೇಲೆ ನರೂಲಿಯಂಥ ಗಂಟು ಎದ್ದರೆ ಅದು ಕೋಳಿ ಸಿಡುಬು. ಸೊಳ್ಳೆಯಿಂದ ಹರಡುತ್ತದೆ, ಗೂಡಿನ ಸುತ್ತ ನಿಂತ ನೀರು ಚೆಲ್ಲಿ, ಲಸಿಕೆಗೆ ಕೇಳಿ. ಹಸಿರು ಭೇದಿ, ತಿರುಚಿದ ಕುತ್ತಿಗೆ, ಏದುಸಿರು ಒಟ್ಟಿಗೆ ಕಂಡರೆ ರಾಣಿಖೇತ್ ರೋಗವನ್ನು ಅನುಮಾನಿಸಬೇಕು, ಅದಕ್ಕೆ ಮುಂಚಿತ ಲಸಿಕೆಯೇ ದಾರಿ. ಮರಿಗಳಲ್ಲಿ ರಕ್ತಭೇದಿ ಕಂಡರೆ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಇರಬಹುದು. ಇದಕ್ಕೆ ಔಷಧಿ ಬೇಕು, ಜೊತೆಗೆ ಹಾಸು ಒಣಗಲೂ ಬೇಕು, ಏಕೆಂದರೆ ಒದ್ದೆ ಹಾಸಿನಲ್ಲಿ ಅದು ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧವಾಗುತ್ತದೆ. ಒಂದೇ ರಾತ್ರಿ ಹಲವು ಕೋಳಿ ಗಾಯವಿಲ್ಲದೆ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಉಳಿದವನ್ನು ಮಾರಬೇಡಿ, ಯಾರಿಗೂ ಕೊಡಬೇಡಿ. ಪಶುಸಂಗೋಪನಾ ಇಲಾಖೆಗೆ ಅವತ್ತೇ ತಿಳಿಸಿ.

ಸರಿಯಾಯಿತೆಂದು ಯಾವಾಗ ಹೇಳಬಹುದು

ಗಾಳಿಯ ದೋಷಕ್ಕೆ ನಾಲ್ಕು ರಾತ್ರಿ, ಅದರಲ್ಲಿ ಒಂದಾದರೂ ಜೋರು ಮಳೆಯದ್ದಾಗಿರಬೇಕು. ಪ್ರಾಣಿಯ ದೋಷಕ್ಕೆ ಒಂದು ತಿಂಗಳು, ದಾರಿ ಕಂಡುಕೊಂಡ ಪುನುಗು ಬೆಕ್ಕು ವಾರಗಟ್ಟಲೆ ಮತ್ತೆ ಮತ್ತೆ ಬಂದು ನೋಡುತ್ತದೆ. ನುಸಿಗೆ ಮೂರನೇ ತೊಳೆತದ ನಂತರ ವಾರಕ್ಕೊಮ್ಮೆ ರಾತ್ರಿ ಬಿಳಿ ಬಟ್ಟೆ ಒರೆಸಬೇಕು. ನಾಲ್ಕು ವಾರ ಒಂದೂ ಕೆಂಪು ಗೆರೆ ಬೀಳದಿದ್ದರೆ ಆಮೇಲೆ ತಿಂಗಳಿಗೊಮ್ಮೆ ಸಾಕು. ಮೊಟ್ಟೆ ಮರಳಲು ಇನ್ನೂ ಎರಡು ಮೂರು ವಾರ ಹಿಡಿಯಬಹುದು. ನನ್ನ ಹೇಂಟೆಗಳಲ್ಲಿ ಜುಟ್ಟು ಮೊದಲು ಕೆಂಪಾಯಿತು, ಮೊಟ್ಟೆ ಆಮೇಲೆ ಬಂತು.